ಎರಡು ಹಸಿರು ಬಡ್ಜಿಗೆ ನೀಲಿ ಮರಿ ಹೇಗೆ? ಅಪರೂಪದ ಬಣ್ಣದ ಹಕ್ಕಿ ಮರಿ ಮಾಡಿಸುವವರಿಗೆ ಹಂತ ಹಂತದ ಮಾರ್ಗದರ್ಶಿ

"ನಮ್ಮ ಜೋಡಿಯ ಎರಡೂ ಹಕ್ಕಿ ಹಸಿರು, ಮರಿ ಮಾತ್ರ ನೀಲಿ ಬಂದಿದೆ. ಇದು ಹೇಗೆ?" "ಆಲ್ಬಿನೋ ಗಂಡು ತಂದು ಹಸಿರು ಹೆಣ್ಣಿನ ಜೊತೆ ಬಿಟ್ಟೆ, ಒಂದೂ ಬಿಳಿ ಮರಿ ಇಲ್ಲ. ಅಂಗಡಿಯವರು ಮೋಸ ಮಾಡಿದ್ರಾ?"

ಹಕ್ಕಿ ಸಾಕುವವರು ಮತ್ತೆ ಮತ್ತೆ ಕೇಳುವುದು ಇದನ್ನೇ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಹಕ್ಕಿಯ ಮೈಮೇಲೆ ಕಾಣುವ ಬಣ್ಣ ಒಂದು, ಅದು ಮರಿಗಳಿಗೆ ದಾಟಿಸುವ ಬಣ್ಣ ಇನ್ನೊಂದು. ಈ ಎರಡನೆಯದು ಕಣ್ಣಿಗೆ ಕಾಣುವುದಿಲ್ಲ, ಬರೆದಿಟ್ಟರೆ ಮಾತ್ರ ಗೊತ್ತಾಗುತ್ತದೆ. ಅದಕ್ಕೇ ಪಂಜರಕ್ಕಿಂತ ಮೊದಲು ಒಂದು ನೋಟ್‌ಬುಕ್ ಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುವುದು.

ಇಲ್ಲಿ ಬಡ್ಜಿಯನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ನಮ್ಮ ಕಡೆ ಬಹಳಷ್ಟು ಅಂಗಡಿಗಳಲ್ಲಿ ಇದನ್ನೇ 'ಲವ್ ಬರ್ಡ್ಸ್' ಎಂದು ಮಾರುತ್ತಾರೆ. ನಿಜವಾದ ಲವ್ ಬರ್ಡ್ ಆಫ್ರಿಕಾದ ಬೇರೆ ಜಾತಿ. ಬಡ್ಜಿ ಆಸ್ಟ್ರೇಲಿಯಾದ ಪುಟ್ಟ ಗಿಳಿ. ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ 1840ರಲ್ಲಿ ಇದನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದರು. ಕಾಡಿನ ಬಡ್ಜಿ ಹಸಿರು. ಈಗ ನೀವು ನೋಡುವ ನೀಲಿ, ಬಿಳಿ, ಹಳದಿ, ನೇರಳೆ ಎಲ್ಲವೂ ಸಾಕುವವರ ಪಂಜರಗಳಲ್ಲಿ ಉಳಿಸಿ ಬೆಳೆಸಿದ ಬಣ್ಣಗಳು.

ಹಂತ 1: ಕಾನೂನು ನೋಡಿಕೊಂಡೇ ಜಾತಿ ಆರಿಸಿ

"ನೀಲಿ ರಿಂಗ್‌ನೆಕ್ ಮರಿ ಮಾಡಿಸಬಹುದಾ?" ಎಂದು ತುಂಬಾ ಜನ ಕೇಳುತ್ತಾರೆ. ನಮ್ಮ ಮಾವಿನ ತೋಪಿಗೆ, ಜೋಳದ ಹೊಲಕ್ಕೆ ಹಿಂಡಾಗಿ ಬರುವ, ಗಂಡಿನ ಕೊರಳಲ್ಲಿ ಗುಲಾಬಿ ಪಟ್ಟಿ ಇರುವ ಹಸಿರು ಗಿಳಿಯೇ ರಿಂಗ್‌ನೆಕ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದಕ್ಕೆ ರಕ್ಷಣೆ ಕೊಟ್ಟಿದೆ. ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. ಬಣ್ಣ ನೀಲಿಯಾದ ಮಾತ್ರಕ್ಕೆ ಜಾತಿ ಬದಲಾಗುವುದಿಲ್ಲ, ಅಲ್ವಾ? ಹಾಗಾಗಿ ಇದರ ತಂಟೆಗೆ ಹೋಗಬೇಡಿ.

ವಿದೇಶಿ ಗಿಳಿಗಳಿಗೂ ಈಗ ನಿಯಮ ಇದೆ. ಸೈಟಿಸ್ ಎಂಬುದು ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ. ಗಿಳಿಗಳಲ್ಲಿ ಹೆಚ್ಚುಕಡಿಮೆ ಎಲ್ಲ ಜಾತಿಗಳೂ ಅದರ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿರುವ ಹಕ್ಕಿ ನಿಮ್ಮ ಬಳಿ ಇದ್ದರೆ, 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ ತಿಳಿಸಬೇಕು. ಸನ್ ಕೊನ್ಯೂರ್, ಆಫ್ರಿಕನ್ ಗ್ರೇ, ಫಿಶರ್ಸ್ ಲವ್ ಬರ್ಡ್ ಎಲ್ಲವೂ ಇದರೊಳಗೆ ಬರುತ್ತವೆ. ಬಡ್ಜಿ, ಕಾಕಟೀಲ್, ಪೀಚ್ ಫೇಸ್ಡ್ ಲವ್ ಬರ್ಡ್ ಈ ಮೂರೂ ಪಟ್ಟಿಯ ಹೊರಗಿವೆ. ಹೊಸಬರು ಇವುಗಳಲ್ಲೇ ಕಲಿಯುವುದು ಒಳ್ಳೆಯದು.

ಹಂತ 2: ಬಣ್ಣ ಎಲ್ಲಿಂದ ಬರುತ್ತದೆ ಎಂದು ತಿಳಿಯಿರಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಇದು ಅರ್ಥವಾದರೆ ಅರ್ಧ ಕೆಲಸ ಮುಗಿದಂತೆ.

ಬಡ್ಜಿಯ ಗರಿಯಲ್ಲಿ ನೀಲಿ ಬಣ್ಣದ ಪದಾರ್ಥವೇ ಇಲ್ಲ. ಗರಿಯೊಳಗಿನ ಅತಿ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುತ್ತದೆ, ಅದು ನಮಗೆ ನೀಲಿಯಾಗಿ ಕಾಣುತ್ತದೆ. ಆ ನೀಲಿ ಎದ್ದು ಕಾಣಲು ಹಿಂದೆ ಮೆಲನಿನ್ ಎಂಬ ಕಪ್ಪು ಬಣ್ಣ ಇರಬೇಕು. ಇದರ ಮೇಲೆ ಹಳದಿ ಬಣ್ಣದ ಪದರ. ನೀಲಿ ದೀಪದ ಮುಂದೆ ಹಳದಿ ಗಾಜಿನ ಕಾಗದ ಹಿಡಿದ ಹಾಗೆ, ಎರಡೂ ಸೇರಿ ಹಸಿರು.

ಈಗ ಒಂದೊಂದನ್ನೇ ತೆಗೆಯಿರಿ. ಹಳದಿ ಹೋದರೆ ಹಕ್ಕಿ ನೀಲಿ. ಮೆಲನಿನ್ ಹೋದರೆ ನೀಲಿ ಮಾಯವಾಗಿ ಹಳದಿ ಮಾತ್ರ ಉಳಿಯುತ್ತದೆ, ಕಣ್ಣು ಕೆಂಪಾಗುತ್ತದೆ. ಇದು ಲುಟಿನೋ. ಎರಡೂ ಹೋದರೆ ಬಿಳಿ ಮೈ, ಕೆಂಪು ಕಣ್ಣು. ಇದು ಆಲ್ಬಿನೋ. ಅಂದರೆ ಆಲ್ಬಿನೋ ಒಂದು ಬಣ್ಣವಲ್ಲ, ಎರಡು ಬದಲಾವಣೆಗಳು ಒಂದೇ ಹಕ್ಕಿಯಲ್ಲಿ ಕೂಡಿದ್ದು. ಆರಂಭದ ಆಲ್ಬಿನೋ ಗಂಡಿನ ಪ್ರಶ್ನೆಯಲ್ಲಿ ಬಿಳಿ ಮರಿ ಬಾರದೆ ಇದ್ದದ್ದು ಇದಕ್ಕೇ.

ಹೀಗೆ ಹುಟ್ಟಿನಲ್ಲೇ ಆಗುವ ಬದಲಾವಣೆಗೆ ಮ್ಯುಟೇಷನ್ ಎನ್ನುತ್ತಾರೆ. ನೀಲಿ ಬಡ್ಜಿಯ ಮ್ಯುಟೇಷನ್ ಯಾವುದೆಂದು 2017ರಲ್ಲಿ ವಿಜ್ಞಾನಿಗಳು ಪತ್ತೆ ಮಾಡಿದರು. ಹಳದಿ ಬಣ್ಣ ತಯಾರಿಸುವ ಒಂದು ಕಿಣ್ವದಲ್ಲಿ ಒಂದೇ ಒಂದು ಅಮಿನೋ ಆಮ್ಲ ಬದಲಾಗಿದೆ. ಅಷ್ಟೇ. ಅಷ್ಟಕ್ಕೇ ಇಡೀ ಹಕ್ಕಿ ನೀಲಿ!

ಹಂತ 3: ಬಣ್ಣ ದಾಟುವ ಮೂರು ದಾರಿ

ಪ್ರತಿ ಮರಿಗೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಜೀನ್ ಪ್ರತಿ ಬರುತ್ತದೆ. ಜೀನ್ ಎಂದರೆ ಗುಣವನ್ನು ಹೊತ್ತು ತರುವ ವಂಶವಾಹಿ.

ಅಡಗುವ ಬಣ್ಣ (ರಿಸೆಸಿವ್). ಎರಡೂ ಪ್ರತಿ ಸೇರಿದರೆ ಮಾತ್ರ ಕಾಣುತ್ತದೆ. ನೀಲಿ ಇದಕ್ಕೆ ಉದಾಹರಣೆ. ಒಂದೇ ಪ್ರತಿ ಇರುವ ಹಕ್ಕಿ ನೋಡಲು ಹಸಿರು, ಆದರೆ ಒಳಗೆ ನೀಲಿ ಇಟ್ಟುಕೊಂಡಿರುತ್ತದೆ. ಇದನ್ನು ಸಾಕುವವರು 'ಸ್ಪ್ಲಿಟ್' ಎನ್ನುತ್ತಾರೆ. ಎರಡು ಸ್ಪ್ಲಿಟ್ ಹಸಿರು ಜೋಡಿಯಾದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ನೀಲಿ. ಮೇಲಿನ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ. ಉಳಿದ ಮೂರು ಹಸಿರಿನಲ್ಲಿ ಎರಡು ಸ್ಪ್ಲಿಟ್ ಆಗಿರುತ್ತವೆ, ಆದರೆ ಯಾವ ಎರಡು ಎಂದು ನೋಡಿ ಹೇಳಲು ಬರುವುದಿಲ್ಲ. ಸ್ಪ್ಲಿಟ್ ಹಸಿರಿಗೆ ನೀಲಿ ಹಕ್ಕಿ ಜೋಡಿ ಹಾಕಿದರೆ ಅರ್ಧದಷ್ಟು ನೀಲಿ. ಎರಡೂ ನೀಲಿಯಾದರೆ ಎಲ್ಲ ಮರಿಯೂ ನೀಲಿಯ ಬಳಗವೇ.

ಒಂದೇ ಪ್ರತಿಗೆ ಕಾಣುವ ಬಣ್ಣ. ಗಾಢತೆಯ ಜೀನ್ ಹೀಗೆ. ಆಕಾಶನೀಲಿ ಹಕ್ಕಿಗೆ ಇದರ ಒಂದು ಪ್ರತಿ ಸೇರಿದರೆ ಕೋಬಾಲ್ಟ್, ಅಂದರೆ ಕಡುನೀಲಿ. ಎರಡು ಸೇರಿದರೆ ಮೋವ್, ಅಂದರೆ ಬೂದು ಬೆರೆತ ನೀಲಿ. ಕೋಬಾಲ್ಟ್ ಬೇಕೆಂದು ಎರಡು ಕೋಬಾಲ್ಟ್ ಹುಡುಕುತ್ತಾ ಅಲೆಯಬೇಕಿಲ್ಲ. ಮೋವ್ ಮತ್ತು ಆಕಾಶನೀಲಿ ಜೋಡಿ ಹಾಕಿದರೆ ಎಲ್ಲ ಮರಿಯೂ ಕೋಬಾಲ್ಟ್. ಸ್ಪ್ಯಾಂಗಲ್ ಕೂಡ ಇದೇ ಬಗೆ. ಒಂದು ಪ್ರತಿಯಿದ್ದರೆ ರೆಕ್ಕೆಯ ಗರಿಗಳಿಗೆ ಅಂಚಿನಲ್ಲಿ ತೆಳು ಕಪ್ಪು ಗೆರೆ. ಎರಡು ಪ್ರತಿಯಿದ್ದರೆ ಹಕ್ಕಿ ಹೆಚ್ಚುಕಡಿಮೆ ಪೂರ್ತಿ ಹಳದಿ ಅಥವಾ ಬಿಳಿ.

ಲಿಂಗಕ್ಕೆ ಅಂಟಿದ ಬಣ್ಣ. ಜನ ಜಾಸ್ತಿ ಎಡವುವುದು ಇಲ್ಲಿ. ಜೀನ್‌ಗಳನ್ನು ಹೊತ್ತ ಎಳೆಗೆ ಕ್ರೋಮೋಸೋಮ್ ಎನ್ನುತ್ತಾರೆ. ಹಕ್ಕಿಗಳಲ್ಲಿ ಗಂಡಿಗೆ ಎರಡು ಝಡ್ ಕ್ರೋಮೋಸೋಮ್, ಹೆಣ್ಣಿಗೆ ಒಂದೇ ಝಡ್. ಇನ್ನೊಂದು ಡಬ್ಲ್ಯು. ಮೆಲನಿನ್ ತೆಗೆಯುವ 'ಇನೋ' ಜೀನ್ ಝಡ್ ಮೇಲಿದೆ. ಒಪಲೈನ್, ಸಿನಮನ್ ಬಣ್ಣಗಳೂ ಹಾಗೆಯೇ. ಹೆಣ್ಣಿಗೆ ಒಂದೇ ಝಡ್ ಇರುವುದರಿಂದ ಜೀನ್ ಇದ್ದರೆ ಕಾಣಲೇಬೇಕು. ಹಾಗಾಗಿ 'ಇನೋಗೆ ಸ್ಪ್ಲಿಟ್ ಇರುವ ಹೆಣ್ಣು' ಎಂಬುದು ಇಲ್ಲವೇ ಇಲ್ಲ. ಯಾರಾದರೂ ಹಾಗೆ ಹೇಳಿ ಮಾರಿದರೆ ಕೊಳ್ಳಬೇಡಿ.

ಇದರ ಲೆಕ್ಕ ಹೀಗೆ:

ಲುಟಿನೋ ಗಂಡು, ಸಾಮಾನ್ಯ ಹೆಣ್ಣು: ಹೆಣ್ಣು ಮರಿಗಳೆಲ್ಲ ಇನೋ, ಗಂಡು ಮರಿಗಳೆಲ್ಲ ಸ್ಪ್ಲಿಟ್.

ಸಾಮಾನ್ಯ ಗಂಡು, ಲುಟಿನೋ ಹೆಣ್ಣು: ಒಂದೂ ಇನೋ ಕಾಣುವುದಿಲ್ಲ. ಗಂಡು ಮರಿಗಳೆಲ್ಲ ಸ್ಪ್ಲಿಟ್.

ಸ್ಪ್ಲಿಟ್ ಗಂಡು, ಸಾಮಾನ್ಯ ಹೆಣ್ಣು: ಹೆಣ್ಣು ಮರಿಗಳಲ್ಲಿ ಅರ್ಧ ಇನೋ. ಗಂಡು ಮರಿಗಳಲ್ಲಿ ಅರ್ಧ ಸ್ಪ್ಲಿಟ್, ಆದರೆ ನೋಡಿ ಗುರುತಿಸಲಾಗದು.

ಈ ಲೆಕ್ಕ ಎಲ್ಲವೂ ಸರಾಸರಿ. ನಾಲ್ಕರಲ್ಲಿ ಒಂದು ಎಂದರೆ ನಾಲ್ಕು ಮೊಟ್ಟೆಯಲ್ಲಿ ಒಂದು ಬಂದೇ ಬರುತ್ತದೆ ಎಂದಲ್ಲ. ಒಂದು ಸಲದ ಮರಿ ನೋಡಿ ಜೋಡಿ ಬದಲಾಯಿಸಬೇಡಿ.

ಹಂತ 4: ಹಕ್ಕಿ ಕೊಳ್ಳುವಾಗ

ಕಣ್ಣು ನೋಡಿ. ಹೊರಗೆ, ಹಗಲು ಬೆಳಕಿನಲ್ಲಿ ನೋಡಿ. ಅಂಗಡಿಯಲ್ಲಿ ಹಳದಿ ಹಕ್ಕಿಗಳೆಲ್ಲವನ್ನೂ ಲುಟಿನೋ ಎಂದೇ ಕೊಡುತ್ತಾರೆ. ಕಣ್ಣು ಕೆಂಪಿದ್ದರೆ ಮಾತ್ರ ಲುಟಿನೋ. ಕಣ್ಣು ಕಪ್ಪಾಗಿದ್ದು, ಬೆಳೆದ ಹಕ್ಕಿಯಲ್ಲಿ ಪಾಪೆಯ ಸುತ್ತ ಬಿಳಿ ಉಂಗುರ ಇದ್ದರೆ ಅದು ಎರಡು ಪ್ರತಿಯ ಸ್ಪ್ಯಾಂಗಲ್ ಇರಬಹುದು. ಎರಡೂ ನೋಡಲು ಹಳದಿಯೇ, ಆದರೆ ಮರಿಗಳ ಲೆಕ್ಕ ಪೂರ್ತಿ ಬೇರೆ.

ಆಮೇಲೆ ಗಂಡು ಹೆಣ್ಣು. ಕೊಕ್ಕಿನ ಮೇಲೆ ಮೂಗಿನ ತೂತುಗಳಿರುವ ಮೆತ್ತನೆ ಭಾಗಕ್ಕೆ ಸೀರ್ ಎನ್ನುತ್ತಾರೆ. ಬೆಳೆದ ಗಂಡಿಗೆ ಅದು ನೀಲಿ, ಹೆಣ್ಣಿಗೆ ಕಂದು ಅಥವಾ ಬಿಳಿಚಿದ ತಿಳಿನೀಲಿ. ಈ ನಿಯಮ ಲುಟಿನೋ, ಆಲ್ಬಿನೋ ಮತ್ತು ರಿಸೆಸಿವ್ ಪೈಡ್ (ಮೈಮೇಲೆ ಬಣ್ಣ ತೇಪೆ ತೇಪೆಯಾಗಿರುವ ಬಗೆ) ಗಂಡುಗಳಿಗೆ ನಡೆಯುವುದಿಲ್ಲ. ಅವುಗಳ ಸೀರ್ ಬೆಳೆದ ಮೇಲೂ ಗುಲಾಬಿ ಅಥವಾ ತಿಳಿನೇರಳೆಯಾಗಿಯೇ ಉಳಿಯುತ್ತದೆ. ನೀಲಿ ಇಲ್ಲ, ಹಾಗಾಗಿ ಹೆಣ್ಣು ಎಂದುಕೊಂಡು ಎರಡು ಗಂಡುಗಳನ್ನು ಜೋಡಿ ಹಾಕಿ ತಿಂಗಳುಗಟ್ಟಲೆ ಕಾಯುವವರಿದ್ದಾರೆ.

ಬರಹದ ದಾಖಲೆ ಇಲ್ಲದ 'ಸ್ಪ್ಲಿಟ್' ಹಕ್ಕಿಗೆ ಜಾಸ್ತಿ ದುಡ್ಡು ಕೊಡಬೇಡಿ. ಅಪ್ಪ ಅಮ್ಮನನ್ನು ತೋರಿಸಲಾಗದಿದ್ದರೆ ಅದು ಬರೀ ಹಸಿರು ಹಕ್ಕಿ ಎಂದೇ ಲೆಕ್ಕ ಹಾಕಿ. ಗಂಡು ಒಂದು ಕಡೆ, ಹೆಣ್ಣು ಇನ್ನೊಂದು ಕಡೆ ಕೊಳ್ಳಿ. ಒಂದೇ ಪಂಜರದಿಂದ ಎತ್ತಿದ ಜೋಡಿ ಅಣ್ಣ ತಂಗಿ ಆಗಿರುವ ಸಂಭವ ಹೆಚ್ಚು.

ಬಣ್ಣಕ್ಕಿಂತ ಮೊದಲು ಮೈಕಟ್ಟು ನೋಡಿ. ಎದೆಯ ಮೂಳೆ ಚೂಪಾಗಿ ಕೈಗೆ ಸಿಗಬಾರದು. ಬಾಲದ ಕೆಳಗೆ ಹಿಕ್ಕೆ ಅಂಟಿರಬಾರದು. ಹಾರುವ ಗರಿಗಳು ಪೂರ್ತಿ ಇರಬೇಕು. ಮನೆಗೆ ತಂದ ಹಕ್ಕಿಯನ್ನು ಒಂದು ತಿಂಗಳು ಬೇರೆ ಕೋಣೆಯಲ್ಲಿಡಿ. ಬಾಲ, ರೆಕ್ಕೆಯ ಗರಿ ಉದುರಿಸುವ ವೈರಸ್ ರೋಗಗಳು ಬಡ್ಜಿಗಳಲ್ಲಿ ಇವೆ. ಒಂದು ಹಕ್ಕಿಯಿಂದ ಮನೆಯ ಎಲ್ಲ ಹಕ್ಕಿಗೂ ಹರಡುತ್ತವೆ. ಸಿಟಕೋಸಿಸ್ ಎಂಬ ಶ್ವಾಸಕೋಶದ ರೋಗ ಹಕ್ಕಿಯಿಂದ ಮನುಷ್ಯರಿಗೂ ಬರುತ್ತದೆ. ಒಣಗಿದ ಹಿಕ್ಕೆ ಗುಡಿಸುವಾಗ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಳ್ಳಿ.

ಹಂತ 5: ಆಲ್ಬಿನೋ ಯೋಜನೆ, ಮೂರು ತಲೆಮಾರಿನ ಲೆಕ್ಕ

ಬೇಕಿರುವುದು ಒಂದು ಲುಟಿನೋ ಗಂಡು ಮತ್ತು ಒಂದಕ್ಕೊಂದು ಸಂಬಂಧವಿಲ್ಲದ ಕೆಲವು ನೀಲಿ ಹಕ್ಕಿಗಳು.

ಮೊದಲ ತಲೆಮಾರು: ಲುಟಿನೋ ಗಂಡಿಗೆ ನೀಲಿ ಹೆಣ್ಣು. ಲುಟಿನೋ ನೀಲಿಗೆ ಸ್ಪ್ಲಿಟ್ ಅಲ್ಲದಿದ್ದರೆ ಒಂದೂ ಬಿಳಿ ಬರುವುದಿಲ್ಲ. ಬೇಸರ ಬೇಡ. ಹೆಣ್ಣು ಮರಿಗಳೆಲ್ಲ ಲುಟಿನೋ, ಒಳಗೆ ನೀಲಿ. ಗಂಡು ಮರಿಗಳೆಲ್ಲ ಹಸಿರು, ಒಳಗೆ ನೀಲಿ ಮತ್ತು ಇನೋ ಎರಡೂ. ಸಂತೆಯಲ್ಲಿ ಈ ಹಸಿರು ಗಂಡಿಗೆ ಬೆಲೆ ಇಲ್ಲ. ನಿಮ್ಮ ಯೋಜನೆಯಲ್ಲಿ ಮಾತ್ರ ಅದು ಬಹಳ ಬೆಲೆಯ ಹಕ್ಕಿ.

ಎರಡನೇ ತಲೆಮಾರಿಗೆ ಎರಡು ದಾರಿ ಇವೆ. ಮೊದಲನೆಯದು ಬೇಗ ಮುಗಿಯುವ ದಾರಿ. ಆ ಹಸಿರು ಗಂಡಿಗೆ ಹೊರಗಿನ ನೀಲಿ ಹೆಣ್ಣನ್ನು ಜೋಡಿ ಹಾಕಿ. ಸರಾಸರಿ ಎಂಟರಲ್ಲಿ ಒಂದು ಮರಿ ಆಲ್ಬಿನೋ, ಅದೂ ಹೆಣ್ಣು.

ನನಗೆ ಇಷ್ಟವಾಗುವುದು ಎರಡನೆಯ ದಾರಿ. ಆ ಲುಟಿನೋ ಹೆಣ್ಣಿಗೆ ಹೊರಗಿನ ನೀಲಿ ಗಂಡನ್ನು ಹಾಕಿ. ಈ ಸಲವೂ ಬಿಳಿ ಬರುವುದಿಲ್ಲ. ಆದರೆ ಅಮ್ಮ ಇನೋ ಆದ್ದರಿಂದ ಗಂಡು ಮರಿಗಳೆಲ್ಲ ಇನೋಗೆ ಸ್ಪ್ಲಿಟ್, ಅನುಮಾನವೇ ಬೇಡ. ಅವುಗಳಲ್ಲಿ ಅರ್ಧ ನೀಲಿ. ಆ ನೀಲಿ ಗಂಡುಗಳನ್ನು ಇಟ್ಟುಕೊಳ್ಳಿ. ಮೂರನೇ ತಲೆಮಾರಿನಲ್ಲಿ ಅವಕ್ಕೆ ಮತ್ತೊಂದು ಹೊರಗಿನ ನೀಲಿ ಹೆಣ್ಣು ಸಿಕ್ಕರೆ ನಾಲ್ಕರಲ್ಲಿ ಒಂದು ಮರಿ ಆಲ್ಬಿನೋ. ಸಮಯ ಜಾಸ್ತಿ ಹಿಡಿಯುತ್ತದೆ, ನಿಜ. ಆದರೆ ಪ್ರತಿ ಹೆಜ್ಜೆಯಲ್ಲೂ ಹೊಸ ರಕ್ತ ಸೇರುತ್ತದೆ, ಯಾವ ಹಕ್ಕಿ ಏನು ಹೊತ್ತಿದೆ ಎಂದು ಖಚಿತವಾಗಿ ಗೊತ್ತಿರುತ್ತದೆ.

ಆಲ್ಬಿನೋ ಗಂಡು ಬೇಕೇ? ಆಲ್ಬಿನೋ ಹೆಣ್ಣಿಗೆ, ಇನೋ ಸ್ಪ್ಲಿಟ್ ಇರುವ ನೀಲಿ ಗಂಡನ್ನು ಹಾಕಿ. ಆಗ ಗಂಡು, ಹೆಣ್ಣು ಎರಡರಲ್ಲೂ ಅರ್ಧ ಬಿಳಿ. ಆ ಗಂಡು ಬೇರೆ ಮನೆಯ ಸಾಲಿನದಾಗಿರಲಿ.

ಹಂತ 6: ಪಂಜರ, ಮಡಕೆ, ಆಹಾರ

ಒಂದು ಪಂಜರಕ್ಕೆ ಒಂದೇ ಜೋಡಿ. ಹತ್ತು ಹಕ್ಕಿ ಒಟ್ಟಿಗೆ ಬಿಟ್ಟರೆ ಮರಿ ಬರುತ್ತವೆ, ಆದರೆ ಅಪ್ಪ ಯಾರೆಂದು ದೇವರಿಗೇ ಗೊತ್ತು. ಇನ್ನೊಂದು ವಿಷಯ: ಹೆಣ್ಣು ಹಕ್ಕಿಯ ಹೊಟ್ಟೆಯಲ್ಲಿ ಹಳೆಯ ಗಂಡಿನ ವೀರ್ಯ ಕೆಲವು ದಿನ ಜೀವಂತವಾಗಿರುತ್ತದೆ. ಹೊಸ ಜೋಡಿ ಹಾಕುವ ಮೊದಲು ಹೆಣ್ಣನ್ನು ಒಂದು ತಿಂಗಳು ಒಂಟಿಯಾಗಿಡಿ.

ಜೋಡಿಗೆ ಕನಿಷ್ಠ ಎರಡು ಅಡಿ ಉದ್ದದ ಪಂಜರ ಇರಲಿ. ಮೊಟ್ಟೆ ಇಡಲು ಗೂಡಾಗಿ ಮಣ್ಣಿನ ಮಡಕೆ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ತಂಪಾಗಿಯೂ ಇರುತ್ತದೆ. ಆದರೆ ಮುಚ್ಚಳ ತೆಗೆದು ಒಳಗೆ ನೋಡಲು ಬರುವ ಮರದ ಪೆಟ್ಟಿಗೆ ದಾಖಲೆ ಇಡುವವರಿಗೆ ಉತ್ತಮ. ತಳದಲ್ಲಿ ತಗ್ಗು ಇರಬೇಕು. ನುಣುಪಾದ ಸಪಾಟು ತಳದಲ್ಲಿ ಮರಿಗಳ ಕಾಲು ಎರಡೂ ಕಡೆ ಜಾರಿ ಸೊಟ್ಟಗಾಗುತ್ತವೆ.

ಬರೀ ನವಣೆ ಸಾಲದು. ಬೇರೆ ಸಿರಿಧಾನ್ಯ, ಮೊಳಕೆ ಕಾಳು, ನುಗ್ಗೆಸೊಪ್ಪು, ಕೊತ್ತಂಬರಿ, ಬೇಯಿಸಿದ ಮೊಟ್ಟೆ ಸ್ವಲ್ಪ ಕೊಡಿ. ಕಟಲ್ ಬೋನ್ ಸದಾ ಪಂಜರದಲ್ಲಿರಲಿ. ಅಂಗಡಿಯಲ್ಲಿ ಸಿಗುವ ಬಿಳಿ ಸುಣ್ಣದಂಥ ತುಂಡು ಅದು, ಕ್ಯಾಲ್ಸಿಯಂ ಕೊಡುತ್ತದೆ. ಕ್ಯಾಲ್ಸಿಯಂ ಕಡಿಮೆಯಾದರೆ ಮೊಟ್ಟೆ ಹೊರಬಾರದೆ ಸಿಕ್ಕಿಕೊಳ್ಳುತ್ತದೆ. ಹೆಣ್ಣು ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತು ತಿಣುಕುತ್ತಿದ್ದರೆ ಬೆಚ್ಚಗಿಟ್ಟು ಕೂಡಲೇ ಪಶುವೈದ್ಯರ ಬಳಿ ಹೋಗಿ. ಎಣ್ಣೆ ಹಚ್ಚಿ ಹೊಟ್ಟೆ ಒತ್ತುವ ಮನೆಮದ್ದು ಬೇಡ. ಒಳಗೆ ಮೊಟ್ಟೆ ಒಡೆದರೆ ಹಕ್ಕಿ ಉಳಿಯುವುದು ಕಷ್ಟ.

ಬೆಣ್ಣೆಹಣ್ಣು ಹಕ್ಕಿಗಳಿಗೆ ವಿಷ. ಕೊಡಗು, ಚಿಕ್ಕಮಗಳೂರು ಕಡೆ ಮನೆ ಹಿತ್ತಲಲ್ಲೇ ಬೆಳೆಯುವುದರಿಂದ ಎಚ್ಚರ. ನಾನ್‌ಸ್ಟಿಕ್ ಪಾತ್ರೆ ವಿಪರೀತ ಕಾದಾಗ ಏಳುವ ಹೊಗೆಯೂ ಹಕ್ಕಿಗಳನ್ನು ಕೊಲ್ಲುತ್ತದೆ. ಪಂಜರ ಅಡುಗೆಮನೆಯ ಹತ್ತಿರ ಬೇಡ.

ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಮಡಕೆ ತೆಗೆದುಬಿಡಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಕಾಳಿಗೆ ಬೂಷ್ಟು ಹಿಡಿದಿದೆಯೇ ಎಂದು ದಿನವೂ ನೋಡಿ.

ಹಂತ 7: ಮೊಟ್ಟೆಯಿಂದ ಉಂಗುರದವರೆಗೆ

ಒಂದು ವರ್ಷ ತುಂಬದ ಹೆಣ್ಣಿಗೆ ಮಡಕೆ ಕೊಡಬೇಡಿ. ಹೆಣ್ಣು ದಿನ ಬಿಟ್ಟು ದಿನ ಮೊಟ್ಟೆ ಇಡುತ್ತದೆ, ಸಾಮಾನ್ಯವಾಗಿ ನಾಲ್ಕರಿಂದ ಆರು. ಪ್ರತಿ ಮೊಟ್ಟೆಗೂ ಸುಮಾರು 18 ದಿನ ಕಾವು ಬೇಕು. ಏಳನೇ ದಿನದ ಹೊತ್ತಿಗೆ ಕತ್ತಲಲ್ಲಿ ಮೊಟ್ಟೆಯ ಹಿಂದೆ ಸಣ್ಣ ಟಾರ್ಚ್ ಹಿಡಿದರೆ ಕೂದಲೆಳೆಯಂಥ ಕೆಂಪು ನರಗಳು ಕಾಣುತ್ತವೆ. ಕಂಡರೆ ಮೊಟ್ಟೆ ಕಟ್ಟಿದೆ. ಬರೀ ಹಳದಿ ಬೆಳಕು ಹಾಯ್ದರೆ ಅದು ಬಂಜೆ ಮೊಟ್ಟೆ.

ಮರಿ ಹೊರಬಂದ ಮೊದಲ ದಿನಗಳಲ್ಲೇ ಬಣ್ಣದ ಮೊದಲ ಸುಳಿವು ಸಿಗುತ್ತದೆ. ಕಣ್ಣು ಇನ್ನೂ ಮುಚ್ಚಿರುತ್ತದೆ, ಮೈಮೇಲೆ ಗರಿ ಇರುವುದಿಲ್ಲ. ತೆಳು ರೆಪ್ಪೆಯ ಒಳಗೆ ಗುಡ್ಡೆ ಕಪ್ಪಾಗಿ ಕಂಡರೆ ಸಾಮಾನ್ಯ ಮರಿ, ಗುಲಾಬಿ ಕೆಂಪಾಗಿ ಕಂಡರೆ ಇನೋ. ಅಪ್ಪ ಇನೋ, ಅಮ್ಮ ಸಾಮಾನ್ಯವಾಗಿದ್ದರೆ ಅಲ್ಲೇ ಲಿಂಗವೂ ಗೊತ್ತಾಯಿತು: ಕೆಂಪು ಕಣ್ಣು ಹೆಣ್ಣು, ಕಪ್ಪು ಕಣ್ಣು ಗಂಡು. ಅದನ್ನು ಅವತ್ತೇ ಬರೆದಿಡಿ.

ಏಳರಿಂದ ಹತ್ತನೇ ದಿನದೊಳಗೆ ಮರಿಯ ಕಾಲಿಗೆ ಮುಚ್ಚಿದ ಉಂಗುರ, ಅಂದರೆ ಬಾಯಿ ತೆರೆಯಲು ಬಾರದ, ನಂಬರ್ ಇರುವ ಉಂಗುರ ಹಾಕಬೇಕು. ಬಡ್ಜಿ ಅಳತೆಯದೇ ಆಗಬೇಕು. ಮುಂದಿನ ಎರಡು ಬೆರಳು ಮತ್ತು ಹಿಂದಿನ ಉದ್ದ ಬೆರಳನ್ನು ಒಟ್ಟಿಗೆ ಹಿಡಿದು ಉಂಗುರ ತೂರಿಸಿ. ಚಿಕ್ಕ ಹಿಂಬೆರಳು ಕಾಲಿಗೆ ಒರಗಿರಲಿ. ಉಂಗುರ ಅದನ್ನು ದಾಟಿದ ಮೇಲೆ ಮೊಂಡು ಕಡ್ಡಿಯಿಂದ ಆ ಬೆರಳನ್ನು ಮೆಲ್ಲಗೆ ಹೊರಗೆ ಎಳೆಯಿರಿ. ತಡವಾದರೆ ಪಾದ ದಪ್ಪವಾಗಿ ಉಂಗುರ ತೂರುವುದಿಲ್ಲ. ಒತ್ತಾಯ ಮಾಡಬೇಡಿ.

ನೋಟ್‌ಬುಕ್‌ನಲ್ಲಿ ಉಂಗುರದ ನಂಬರ್, ಹುಟ್ಟಿದ ದಿನ, ಅಪ್ಪ ಅಮ್ಮನ ನಂಬರ್, ಹುಟ್ಟಿದಾಗಿನ ಕಣ್ಣಿನ ಬಣ್ಣ, ಗರಿ ಬಂದ ಮೇಲಿನ ಬಣ್ಣ ಇರಲಿ. ಕೊನೆಯ ಕಾಲಮ್ಮಿನಲ್ಲಿ ಒಳಗೆ ಏನಿದೆ ಎಂದು ಬರೆಯಿರಿ. ಅಲ್ಲಿ 'ಖಚಿತ' ಮತ್ತು 'ಇರಬಹುದು' ಎಂಬ ಎರಡನ್ನು ಬೇರೆ ಮಾಡಿ. ಇವೆರಡೂ ಬೆರೆತುಹೋದರೆ ಮೂರನೇ ತಲೆಮಾರಿನ ಹೊತ್ತಿಗೆ ಪುಸ್ತಕ ಇದ್ದೂ ಪ್ರಯೋಜನವಿಲ್ಲ.

ಮರಿಗಳು ಸುಮಾರು ಐದು ವಾರಕ್ಕೆ ಗೂಡು ಬಿಡುತ್ತವೆ. ಕಾಳು ತಾವೇ ಸುಲಿದು ತಿನ್ನುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಬೇರೆ ಮಾಡಿ. ಸುಮ್ನೆ ಕಾಳು ಕೆದಕುವುದನ್ನು ತಿನ್ನುವುದು ಎಂದುಕೊಳ್ಳಬೇಡಿ. ಒಂದು ಜೋಡಿಗೆ ವರ್ಷಕ್ಕೆ ಎರಡು ಸಲ ಸಾಕು. ಆಮೇಲೆ ಮಡಕೆ ತೆಗೆದು ವಿಶ್ರಾಂತಿ ಕೊಡಿ.

ಹಂತ 8: ರಕ್ತಸಂಬಂಧ

ಅಪರೂಪದ ಬಣ್ಣದ ಒಂದು ಮರಿ ಬಂದ ಕೂಡಲೇ ಅದನ್ನು ಅಮ್ಮನಿಗೋ ತಂಗಿಗೋ ಜೋಡಿ ಹಾಕಿ ಬೇಗ ಹೆಚ್ಚಿಸುವ ಆಸೆ ಎಲ್ಲರಿಗೂ ಬರುತ್ತದೆ. ಬಣ್ಣ ಬೇಗ ಬರುತ್ತದೆ, ನಿಜ. ಜೊತೆಗೆ ಅಡಗಿದ ಕೆಟ್ಟ ಜೀನ್‌ಗಳೂ ಜೋಡಿಯಾಗಿ ಹೊರಬರುತ್ತವೆ. ಬಂಜೆ ಮೊಟ್ಟೆ, ಚಿಕ್ಕ ಮೈ, ದುರ್ಬಲ ಮರಿ ಜಾಸ್ತಿಯಾಗುತ್ತವೆ. ಬಡ್ಜಿಗಳಲ್ಲಿ 'ಫೆದರ್ ಡಸ್ಟರ್' ಎಂಬ ಸ್ಥಿತಿ ಇದೆ. ಅಂಥ ಮರಿಯ ಗರಿ ಬೆಳೆಯುವುದನ್ನು ನಿಲ್ಲಿಸುವುದೇ ಇಲ್ಲ. ಮುಖ ಮುಚ್ಚಿಹೋಗುತ್ತದೆ, ಹಾರಲಾಗುವುದಿಲ್ಲ, ಬೇಗ ಸಾಯುತ್ತದೆ. ಅದರ ಅಪ್ಪ ಅಮ್ಮ ನೋಡಲು ಆರೋಗ್ಯವಾಗಿಯೇ ಇರುತ್ತವೆ. ಒಂದು ಜೋಡಿಯಲ್ಲಿ ಇಂಥ ಮರಿ ಹುಟ್ಟಿದರೆ ಆ ಎರಡೂ ಹಕ್ಕಿಗಳಿಂದ ಮುಂದೆ ಮರಿ ಮಾಡಿಸಬೇಡಿ, ಎಷ್ಟೇ ಒಳ್ಳೆಯ ಬಣ್ಣವಿರಲಿ.

ಬಿಳಿಗೆ ಬಿಳಿ, ಹಳದಿಗೆ ಹಳದಿ ಎಂದು ಒಂದೇ ಸಾಲಿನಲ್ಲಿ ಸುತ್ತುತ್ತಿರಬೇಡಿ. ನಡುನಡುವೆ ದೊಡ್ಡ ಮೈಯ, ಗಟ್ಟಿ ಗರಿಯ, ಸಾಮಾನ್ಯ ಬಣ್ಣದ ಹೊರಗಿನ ಹಕ್ಕಿಯನ್ನು ತನ್ನಿ. ಒಂದು ತಲೆಮಾರು ಬಣ್ಣ ಮರೆಯಾಗಬಹುದು. ಮುಂದಿನದರಲ್ಲಿ ಗಟ್ಟಿ ಹಕ್ಕಿಯ ಮೈಮೇಲೆ ಮರಳಿ ಬರುತ್ತದೆ.

ಹಂತ 9: ಬೇಡದ ಬಣ್ಣದ ಮರಿಗಳು

ಮೇಲಿನ ಲೆಕ್ಕವನ್ನೇ ತಿರುಗಿಸಿ ನೋಡಿ. ಎಂಟರಲ್ಲಿ ಒಂದು ಆಲ್ಬಿನೋ ಎಂದರೆ ಏಳು ಮರಿ ಬೇರೆ ಬಣ್ಣದವು. ಆ ಏಳಕ್ಕೂ ಜಾಗ, ಕಾಳು, ಮನೆ ಬೇಕು. ಚೆನ್ನಾಗಿ ಸಾಕಿದರೆ ಬಡ್ಜಿ ಐದರಿಂದ ಎಂಟು ವರ್ಷ, ಕೆಲವು ಇನ್ನೂ ಹೆಚ್ಚು ಬದುಕುತ್ತವೆ. ಜೋಡಿ ಹಾಕುವ ಮೊದಲೇ ಮರಿ ತೆಗೆದುಕೊಳ್ಳುವ ಗೆಳೆಯರು, ನೆಂಟರನ್ನು ಕೇಳಿಟ್ಟುಕೊಳ್ಳಿ. ಯಾರೂ ಇಲ್ಲದಿದ್ದರೆ ಆ ವರ್ಷ ಮಡಕೆ ಇಡಬೇಡಿ. ಪಾಪ ಅನಿಸಿ ಹೊರಗೆ ಹಾರಿಬಿಡುವವರಿದ್ದಾರೆ. ಪಂಜರದಲ್ಲಿ ಹುಟ್ಟಿದ ಹಕ್ಕಿಗೆ ಹೊರಗೆ ಆಹಾರ ಹುಡುಕಲು ಬರುವುದಿಲ್ಲ. ಕಾಗೆ, ಹದ್ದು, ಬೆಕ್ಕುಗಳಿಂದ ತಪ್ಪಿಸಿಕೊಳ್ಳಲೂ ಬರುವುದಿಲ್ಲ.

ಮರಿ ಕೊಡುವಾಗ ನೋಟ್‌ಬುಕ್‌ನ ಆ ಸಾಲನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕೊಡಿ: ಉಂಗುರದ ನಂಬರ್, ಅಪ್ಪ ಅಮ್ಮನ ಬಣ್ಣ, ಒಳಗೆ ಖಚಿತವಾಗಿ ಏನಿದೆ, ಏನಿರಬಹುದು. ಅದೇ ಊರಿನಲ್ಲಿ ನಿಮ್ಮಿಂದ ಮರಿ ಒಯ್ದ ಬೇರೆಯವರಿದ್ದರೆ ಅದನ್ನೂ ಹೇಳಿ. ಇಲ್ಲದಿದ್ದರೆ ನಿಮ್ಮ ಮನೆಯ ಅಣ್ಣ ತಂಗಿಯರೇ ಅಲ್ಲಿ ಮತ್ತೆ ಜೋಡಿಯಾಗುತ್ತಾರೆ.